ಕಪಿಲೆಯ ಕೊರಳ ಬಳ್ಳಿ

ಚಾಕಲೇಟಿನ ಗೊಂಬೆ ಒಡೆಯುವಾಗ ಒಂದು ಸದ್ದು ಬರುತ್ತದೆ. ಒಣಗಿದ ಕಡ್ಡಿ ಮುರಿದ ಹಾಗೆ, ಚಿಕ್ಕದಾಗಿ, 'ಟಕ್' ಎಂದು. ಆ ಸದ್ದು ಬಂತೆಂದರೆ ಗೊಂಬೆ ಚೆನ್ನಾಗಿಯೇ ಕೂಡಿಬಂದಿತ್ತು ಎಂದು ಅರ್ಥ. ಹದ ತಪ್ಪಿದ ಚಾಕಲೇಟು ಹೀಗೆ ಒಡೆಯುವುದಿಲ್ಲ. ಅದು ಬಾಗುತ್ತದೆ, ಮೇಣದ ಹಾಗೆ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಎರಡು ದಿನದಲ್ಲಿ ಮೈಮೇಲೆ ಬೂದಿ ಬಳಿದುಕೊಂಡಂತೆ ಬೆಳ್ಳಗಾಗುತ್ತದೆ. ಒಳ್ಳೆಯ ಚಾಕಲೇಟಿಗೆ ಹೊಳಪಿರುತ್ತದೆ, ಗಟ್ಟಿತನವಿರುತ್ತದೆ, ಅದೇ ಕಾರಣಕ್ಕೆ ಬಿದ್ದರೆ ಸೀಳು ಬಿಡುವ ಗುಣವೂ ಇರುತ್ತದೆ.

ಇದರ ಗುಟ್ಟಿರುವುದು ಕೋಕೋ ಬೆಣ್ಣೆಯಲ್ಲಿ. ಈ ಕೊಬ್ಬು ಗಟ್ಟಿಯಾಗುವಾಗ ಆರು ಬಗೆಯ ಹರಳುಗಳಾಗಿ ಕೂಡಿಕೊಳ್ಳಬಲ್ಲದು. ವಿಲ್ ಮತ್ತು ಲಟನ್ ಎಂಬ ಇಬ್ಬರು 1966ರಲ್ಲಿ ಈ ಆರನ್ನೂ ಎಣಿಸಿ ಬರೆದಿಟ್ಟರು. ಮೊದಲನೆಯದು 17 ಡಿಗ್ರಿಗೇ ಕರಗಿಹೋಗುತ್ತದೆ. ಚಾಕಲೇಟು ಮಾಡುವವರಿಗೆ ಬೇಕಾದದ್ದು ಐದನೆಯದು, ಸುಮಾರು 34 ಡಿಗ್ರಿಗೆ ಕರಗುವಂಥದ್ದು. ಕೋಣೆಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಆದರೆ ಕರಗಿಸಿದ ಚಾಕಲೇಟನ್ನು ಸುಮ್ಮನೆ ಆರಲು ಬಿಟ್ಟರೆ ಯಾವ ಹರಳು ಬರುತ್ತದೋ ಹೇಳಲಾಗದು. ಹಾಗಾಗಿ ಆಗಲೇ ಐದನೆಯ ಹರಳುಗಳಿರುವ ಒಳ್ಳೆಯ ಚಾಕಲೇಟಿನ ಚೂರುಗಳನ್ನು ಅದಕ್ಕೆ ಬೆರೆಸಿ ತಿರುವುತ್ತಾರೆ. ಚೂರಿನ ಹರಳುಗಳನ್ನು ನೋಡಿ ಉಳಿದದ್ದೆಲ್ಲ ಅದೇ ದಾರಿ ಹಿಡಿಯುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಬೀಜ ಹಾಕುವುದು ಎನ್ನುತ್ತವೆ. ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ: ಹೆಪ್ಪು ಹಾಕುವುದು.

ನಾನು ಬೆಂಗಳೂರಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ರಾತ್ರಿ ಹೊತ್ತು ಈ ಕೆಲಸ ಮಾಡುತ್ತೇನೆ. ಹಗಲಿಗೆ ಬೇರೆ ಉದ್ಯೋಗವಿದೆ. ಕಳೆದ ಸಂಕ್ರಾಂತಿಯ ಹೊತ್ತಿಗೆ ಒಂದು ದನ ಮಾಡಿದ್ದೆ. ಎರಡು ಹೋಳಿನ ಪ್ಲಾಸ್ಟಿಕ್ ಅಚ್ಚು. ಒಳಗೆ ಚಾಕಲೇಟು ಹೊಯ್ದು, ತಿರುಗಿಸಿ, ಹೆಚ್ಚಾದದ್ದನ್ನು ಸುರಿದರೆ ಗೋಡೆಗಳಿಗೆ ಒಂದು ಪದರ ಅಂಟಿಕೊಳ್ಳುತ್ತದೆ. ಆರಿದಾಗ ಚಾಕಲೇಟು ಒಂದಿಷ್ಟು ಕುಗ್ಗುತ್ತದೆ, ಕುಗ್ಗಿದ್ದರಿಂದ ಅಚ್ಚನ್ನು ತಾನೇ ಬಿಟ್ಟುಕೊಡುತ್ತದೆ. ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ, ಸುಮಾರು 300 ಗ್ರಾಂ ತೂಕ, ಒಳಗೆಲ್ಲ ಟೊಳ್ಳು. ಪುತ್ತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿರುವ ಅಜ್ಜಿಗೆ ಅದನ್ನು ಕೊಡಬೇಕಿತ್ತು.

ದನವೇ ಯಾಕೆಂದರೆ, ಅಜ್ಜಿಯ ಹಟ್ಟಿ ಖಾಲಿಯಾಗಿ ನಾಲ್ಕು ವರ್ಷವಾಗಿತ್ತು. ಗ್ಲಕೋಮದಿಂದ ಅವಳ ಎರಡೂ ಕಣ್ಣು ಹೋಗಿವೆ. ಕಣ್ಣು ಹೋದ ಮೇಲೂ ಒಂದು ವರ್ಷ ಅವಳೇ ಹಾಲು ಕರೆಯುತ್ತಿದ್ದಳು. ಕೆಚ್ಚಲು ಎಲ್ಲಿದೆ ಎಂದು ತಿಳಿಯಲು ಕಣ್ಣು ಯಾಕೆ ಬೇಕು ಎಂದು ಕೇಳುತ್ತಿದ್ದಳು. ಆಮೇಲೆ ಅಪ್ಪನ ಸೊಂಟ ಕೈಕೊಟ್ಟಿತು. ಹುಲ್ಲು ತರುವವರಿಲ್ಲ, ಹಟ್ಟಿ ತೊಳೆಯುವವರಿಲ್ಲ. ಕೊನೆಯ ದನವನ್ನು ಆಚೆ ಗುಡ್ಡದ ಮನೆಯವರಿಗೆ ಕೊಟ್ಟೆವು. ಕೊಡುವಾಗ ಕೊರಳ ಬಳ್ಳಿಯನ್ನು ಬಿಚ್ಚಿ ಇಟ್ಟುಕೊಳ್ಳುವುದು ನಮ್ಮ ಮನೆಯ ಕ್ರಮ. ದನ ಹೋದರೂ ಹಟ್ಟಿ ಬರಿದಾಗದಿರಲಿ ಎಂದು. ಆ ಬಳ್ಳಿ ಈಗಲೂ ಹಟ್ಟಿಯ ಗೂಟದಲ್ಲಿ ತೂಗುತ್ತದೆ. ಅಜ್ಜಿ ಸಂಜೆ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಹೋಗಿ ಬರುತ್ತಾಳೆ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಕಣ್ಣಿಲ್ಲದವರಿಗೆ ಏನು ಉಡುಗೊರೆ ಒಯ್ಯುವುದು? ಸೀರೆಯ ಬಣ್ಣ ಅವಳಿಗೆ ಬೇಡ, ಫೋಟೋ ಬೇಡ. ಕೈಯಲ್ಲಿ ಹಿಡಿದು ನೋಡುವಂಥದ್ದು ಬೇಕು. ಹೀಗೆ ದನ.

ಚಾಕಲೇಟೇ ಯಾಕೆಂಬುದಕ್ಕೂ ಕಾರಣವಿದೆ. ನಮ್ಮ ಕಡೆ ಅಡಿಕೆ ತೋಟದ ನೆರಳಿಗೆ ಕೊಕ್ಕೋ ಗಿಡ ಬಂದದ್ದು 1970ರ ದಶಕದಲ್ಲಿ. ನಾವು ಕೊಕ್ಕೋ ಎಂದೇ ಹೇಳುವುದು. ಕೋಕೋ ಎಂದರೆ ಪೇಟೆಯ ಡಬ್ಬದಲ್ಲಿ ಬರುವ ಪುಡಿ. ಮುಂದಿನ ದಶಕದ ಹೊತ್ತಿಗೆ ಧಾರಣೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ, ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಈ ಬೀಜವನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಕಾರ್ಖಾನೆ ತೆರೆಯಿತು. ನಮ್ಮ ಮನೆಯಲ್ಲಿ ಕೊಕ್ಕೋ ಅಜ್ಜಿಯ ಖಾತೆ. ಅಡಿಕೆಯ ದುಡ್ಡು ಅಜ್ಜನದು, ಹಾಲು ಮತ್ತು ಕೊಕ್ಕೋದ ದುಡ್ಡು ಅವಳದು. ಗಿಡದ ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿಗಳನ್ನು ಕೊಯ್ದು, ಕತ್ತಿ ತಾಗಿಸದೆ ಕೋಲಿನಿಂದ ಬಡಿದು ಒಡೆದು, ಬಿಳಿ ತಿರುಳಿನ ಸಮೇತ ಹಸಿ ಬೀಜವನ್ನು ಬಕೆಟಿಗೆ ತುಂಬಿ ಕೊಟ್ಟು ಬರುತ್ತಿದ್ದರು. ಆ ಹುಳಿಸಿಹಿ ತಿರುಳನ್ನು ಚೀಪಿ ಬೀಜ ಉಗಿಯುವುದು ನಮ್ಮ ಬಾಲ್ಯದ ದೊಡ್ಡ ಸುಖ. ಅದರಲ್ಲಿ ಪಾಲು ಕೇಳಲು ಅಳಿಲು, ಇಲಿಗಳೂ ಬರುತ್ತಿದ್ದವು. ಈಗ ಉಳಿದಿರುವುದು ಹತ್ತೋ ಹನ್ನೆರಡೋ ಗಿಡ.

ಒಡೆದದ್ದು ಶಿರಾಡಿ ಘಾಟಿಯಲ್ಲಿ. ರಾತ್ರಿಯ ಬಸ್ಸಿನಲ್ಲಿ ಮೇಲಿನ ಹಲಗೆಯಲ್ಲಿದ್ದ ಯಾರದೋ ಚೀಲ ತಿರುವಿಗೆ ಜಾರಿ ನನ್ನ ಮಡಿಲಿನ ಪೆಟ್ಟಿಗೆಯ ಮೇಲೆ ಬಿತ್ತು. ಥರ್ಮೋಕೋಲಿನ ಒಳಗಿನಿಂದಲೇ 'ಟಕ್' ಕೇಳಿಸಿತು. ಚೀಲದ ಯಜಮಾನರು ನಿದ್ದೆಗಣ್ಣಿನಲ್ಲೇ ಚೀಲವನ್ನು ಮೇಲಿಟ್ಟು ಮತ್ತೆ ಮಲಗಿದರು.

ಬೆಳಿಗ್ಗೆ ಆರೂವರೆಗೆ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಕುತ್ತಿಗೆಯ ಸುತ್ತ ಸೀಳಿ ತಲೆ ಬೇರೆಯಾಗಿತ್ತು. ಎಡಗೊಂಬಿನ ತುದಿ ಪುಡಿಪುಡಿ. ಟೊಳ್ಳು ಗೊಂಬೆಗಳಲ್ಲಿ ಕುತ್ತಿಗೆ ಯಾವಾಗಲೂ ಬಡಪಾಯಿ. ಅಲ್ಲಿ ಪದರ ತೆಳು, ಭಾರ ಮುಂದಕ್ಕೆ. ಮತ್ತೆ ಕರಗಿಸಿ ಮತ್ತೆ ಹೊಯ್ದರೆ ಆಯಿತಲ್ಲ ಎಂದು ಯಾರಾದರೂ ಹೇಳುತ್ತಾರೆ. ಚಾಕಲೇಟಿಗೆ ಆ ಅನುಕೂಲ ಇದೆ, ನಿಜ. ಸಕ್ಕರೆ ಅಚ್ಚಿಗೂ ಇದೆ. ಬೆಂಗಳೂರಿನಲ್ಲಿ ನಮ್ಮ ಮೇಲಿನ ಮನೆಯ ಹೆಂಗಸು ಸಂಕ್ರಾಂತಿಗೆ ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಪಾಕ ಹೊಯ್ಯುತ್ತಾರೆ. ಬಿಚ್ಚುವಾಗ ಬಸವನ ಕಾಲು ಮುರಿದರೆ ಬೇಸರವೇ ಇಲ್ಲ, ಬಸವನನ್ನು ಹಾಗೇ ಪಾಕದ ಪಾತ್ರೆಗೆ ಹಿಂದೆ ಹಾಕುತ್ತಾರೆ. ಆದರೆ ನನ್ನ ಅಚ್ಚು ಬೆಂಗಳೂರಿನಲ್ಲಿತ್ತು. ಅಜ್ಜಿ ಎರಡು ಮಾರು ದೂರದಲ್ಲಿ, ಬೆಂಚಿನ ಮೇಲೆ, ಕಿವಿ ನಿಮಿರಿಸಿಕೊಂಡು ಕೂತಿದ್ದಳು.

"ಎಂತ ಅದು, ಒಡೆದ ಸದ್ದು?" ಎಂದಳು. ಒಡೆದದ್ದು ಐದು ಗಂಟೆ ಹಿಂದೆ. ಆದರೆ ನಾನು ಎತ್ತಿದಾಗ ಎರಡು ತುಂಡುಗಳು ಒಂದಕ್ಕೊಂದು ತಾಗಿದ್ದು ಅವಳಿಗೆ ಕೇಳಿಸಿತ್ತು.

"ದನ ಅಜ್ಜಿ. ನಿನಗೆ ಅಂತ ಚಾಕಲೇಟಿನಲ್ಲಿ ಮಾಡಿದ್ದು. ಬಸ್ಸಿನಲ್ಲಿ ಒಡೆಯಿತು."

"ಎಲ್ಲಿ ಒಡೆದದ್ದು?"

"ಕುತ್ತಿಗೆಯಲ್ಲಿ."

ಅವಳು ಹೆಚ್ಚು ಯೋಚಿಸಲಿಲ್ಲ. "ಹಾಗಾದ್ರೆ ಬಳ್ಳಿ ಕಟ್ಟು. ನಮ್ಮ ಹಟ್ಟಿಯಲ್ಲಿ ಬಳ್ಳಿ ಇಲ್ಲದ ದನ ಯಾವುದಿತ್ತು?"

ಈ ಕೆಲಸ ಕಲಿಸಿದವರು ನನಗೆ ಹೇಳಿಕೊಟ್ಟದ್ದು ಬಿರುಕನ್ನು ಮುಚ್ಚುವ ಬಗೆ. ಸೀಳಿನೊಳಗೆ ಚಾಕಲೇಟು ತುಂಬಿ, ಚಾಕುವಿನಿಂದ ಕೆರೆದು, ಬ್ರಷ್ಷಿನಲ್ಲಿ ಉಜ್ಜಿ, ಏನೂ ಆಗೇ ಇಲ್ಲವೆಂಬಂತೆ ಮಾಡುವುದು. ಕಣ್ಣಿಗಾಗಿ ಮಾಡುವ ದುರಸ್ತಿ ಅದು. ಅಜ್ಜಿಯ ಬೆರಳಿಗೆ ಆ ಕೆರೆದ ಜಾಗ ಗೊತ್ತಾಗಿಯೇ ಗೊತ್ತಾಗುತ್ತದೆ, ಹೊಳಪು ಮಾತ್ರ ಗೊತ್ತಾಗುವುದಿಲ್ಲ. ಒಡೆದ ಬಟ್ಟಲಿನ ಬಿರುಕಿಗೆ ಚಿನ್ನ ತುಂಬುವ ಜಪಾನಿನ ಕಿಂಟ್ಸುಗಿಯ ನೆನಪು ಈಗಾಗಲೇ ಕೆಲವು ಓದುಗರಿಗೆ ಬಂದಿರಬಹುದು. ಇತ್ತೀಚೆಗೆ ಏನು ಒಡೆದರೂ ಅದರ ಹೆಸರು ಬರುತ್ತದೆ, ನನಗೆ ಸ್ವಲ್ಪ ಸುಸ್ತಾಗಿದೆ. ಅಲ್ಲಿ ಮಣ್ಣನ್ನು ಮಣ್ಣಿನಿಂದ ಜೋಡಿಸಲಾಗದು, ಸುಟ್ಟ ಮೇಲೆ ಅದರ ಬಾಗಿಲು ಮುಚ್ಚಿತು. ಹಾಗಾಗಿ ಅರಗು ಬೇಕು, ಚಿನ್ನ ಬೇಕು. ಚಾಕಲೇಟಿಗೆ ಅಂಟು ಚಾಕಲೇಟೇ. ಕಷ್ಟ ಇರುವುದು ಹದದಲ್ಲಿ. ಅಂಟಾಗಿ ಹಚ್ಚಿದ್ದು ಹದ ತಪ್ಪಿದ್ದರೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಹೆಚ್ಚು ಬಿಸಿಯಿದ್ದರೆ ಪಕ್ಕದ ಒಳ್ಳೆಯ ಭಾಗವನ್ನೂ ಕರಗಿಸಿ ಕೆಡಿಸುತ್ತದೆ.

ಜನವರಿಯಾದ್ದರಿಂದ ಬದುಕಿಕೊಂಡೆ. ನಮ್ಮೂರಿನಲ್ಲಿ ಹಗಲಿಗೆ 30 ಡಿಗ್ರಿ ದಾಟುತ್ತದೆ, ಬೆಳಗಿನ ಜಾವ ಮಾತ್ರ ಚಳಿ. ಬಿಸಿಲು ಅಂಗಳಕ್ಕಿಳಿಯುವ ಮೊದಲು ಮುಗಿಸಬೇಕಿತ್ತು. ಬಚ್ಚಲ ಹಂಡೆಯಿಂದ ಬಿಸಿನೀರು ತಂದು, ಅದರ ಮೇಲೆ ಒಣಗಿದ ಸ್ಟೀಲಿನ ಬಟ್ಟಲಿಟ್ಟು, ಜೊತೆಗೆ ತಂದಿದ್ದ ಚಾಕಲೇಟು ಕರಗಲು ಇಟ್ಟೆ. ಅಡುಗೆಮನೆಯಿಂದ ಎಲ್ಲರನ್ನೂ ಹೊರಗೆ ಕಳಿಸಿದೆ, ಮುಖ್ಯವಾಗಿ ಒದ್ದೆ ಕೈಯ ಅಮ್ಮನನ್ನು. ಕರಗಿದ ಚಾಕಲೇಟಿಗೆ ನಾಲ್ಕು ಹನಿ ನೀರು ಬಿದ್ದರೆ ಒಳಗಿನ ಸಕ್ಕರೆ ಅದನ್ನು ಹೀರಿ ಮುದ್ದೆ ಕಟ್ಟುತ್ತದೆ, ಮತ್ತೆ ಅಂಟಿಗೆ ಬಾರದು.

ಪುಡಿಯಾದ ಕೊಂಬಿನ ಚೂರುಗಳೇ ಹೆಪ್ಪಾದವು. ಅವುಗಳಲ್ಲಿ ಒಳ್ಳೆಯ ಹರಳುಗಳು ಹಾಗೇ ಇದ್ದವಲ್ಲ. ಬಟ್ಟಲನ್ನು ನೀರಿನಿಂದ ಇಳಿಸಿ, ಚೂರುಗಳನ್ನು ಹಾಕಿ, ಸಾಲದ್ದಕ್ಕೆ ಇನ್ನಷ್ಟು ತುರಿದು ಸೇರಿಸಿ ತಿರುವುತ್ತ ಕೂತೆ. 31, 32 ಡಿಗ್ರಿಗೆ ಬಂದು ನಿಲ್ಲಬೇಕು. ಥರ್ಮಾಮೀಟರು ಬೆಂಗಳೂರಿನಲ್ಲಿ, ಅಚ್ಚಿನ ಪಕ್ಕದಲ್ಲೇ. ಹಳೆಯ ಕಾಲದ ಚಾಕಲೇಟಿನವರು ಕೆಳತುಟಿಗೆ ಒಂದು ಹನಿ ತಾಗಿಸಿ ನೋಡುತ್ತಿದ್ದರಂತೆ, ಕೊಂಚ ತಂಪೆನಿಸಬೇಕು. ನಾನು ಹಾಗೆ ಮಾಡುತ್ತಿದ್ದಾಗ ಬಾಗಿಲಿನಿಂದ ಅಜ್ಜಿ ವಿಚಾರಿಸಿದಳು, ನಾನು ಹೇಳಿದೆ.

"ಮೊಸರಿಗೆ ಹೆಪ್ಪು ಹಾಕುವಾಗಿನ ಬಿಸಿಯಾ?"

"ಅದಕ್ಕಿಂತ ಕಡಿಮೆ. ಹಾಲು ಇನ್ನೂ ಸ್ವಲ್ಪ ಆರಿದ ಮೇಲೆ."

"ಕೊಡು ಇಲ್ಲಿ."

ಅವಳು ಸೆರಗಿನಲ್ಲಿ ಕೈ ಒರೆಸಿ ಒಣಗಿಸಿಕೊಂಡು ಕಿರುಬೆರಳ ತುದಿ ಅದ್ದಿದಳು. ಹಿಂದೆ ಮಳೆಗಾಲದಲ್ಲಿ ಬೀಜ ಸಾಗಿಸಲಾಗದಿದ್ದರೆ ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತುಂಬಿ ಹುಳಿಯಲು ಬಿಡುತ್ತಿದ್ದರು. ಐದಾರು ದಿನ. ಮೂರನೆಯ ದಿನಕ್ಕೆ ರಾಶಿ ಕೈ ಇಡಲಾಗದಷ್ಟು ಕಾಯುತ್ತದೆ, 45 ಡಿಗ್ರಿ ದಾಟುತ್ತದೆ. ಎಷ್ಟು ಕಾಯಿತು, ಯಾವಾಗ ಮಗುಚಬೇಕು ಎಂದು ಬುಟ್ಟಿಯೊಳಗೆ ಕೈ ತೂರಿಸಿ ತೀರ್ಮಾನಿಸುತ್ತಿದ್ದವಳು ಅವಳೇ. ಆ ಲೆಕ್ಕ ಕಣ್ಣಿನ ಜೊತೆಗೆ ಹೋಗಿರಲಿಲ್ಲ. "ಇನ್ನೂ ಸ್ವಲ್ಪ ತಿರುಗಿಸು," ಎಂದಳು. ತಿರುಗಿಸಿದೆ. ಮತ್ತೆ ಅದ್ದಿದಳು. "ಈಗ ನನ್ನ ಬೆರಳಿನಷ್ಟೇ ಉಂಟು." ಸ್ಟೀಲ್ ತಟ್ಟೆಯ ಮೇಲೆ ಒಂದು ಗೆರೆ ಎಳೆದು ಕಾದೆ. ಐದು ನಿಮಿಷದೊಳಗೆ ಗೆರೆ ಹೊಳಪಿನೊಂದಿಗೆ ಗಟ್ಟಿಯಾಯಿತು.

ಕುತ್ತಿಗೆಗೆ ಬರೀ ಅಂಟು ಸಾಲದು, ತಲೆಯ ಭಾರ ಹೊರಲು ಒಳಗಿನಿಂದ ಆಸರೆ ಬೇಕು. ಮೂಳೆ ಮುರಿದವರಿಗೆ ಬಿದಿರಿನ ಕಡ್ಡಿ ಇಟ್ಟು ಕಟ್ಟುತ್ತಾರಲ್ಲ, ಹಾಗೆ. (ಬೆಂಗಳೂರಿನಲ್ಲಿ ನನ್ನ ಊರು ಪುತ್ತೂರು ಎಂದ ಕೂಡಲೇ 'ಓ, ಪುತ್ತೂರು ಕಟ್ಟು!' ಎನ್ನುವವರಿದ್ದಾರೆ. ಅದು ಆಂಧ್ರದ ಪುತ್ತೂರು. ನಮ್ಮ ಪುತ್ತೂರಿನಲ್ಲಿ ಮೂಳೆ ಮುರಿದರೆ ನಾವೂ ಡಾಕ್ಟರ ಹತ್ತಿರವೇ ಹೋಗುವುದು.) ತಿನ್ನುವ ವಸ್ತುವಿನೊಳಗೆ ಬಿದಿರು ಇಡುವ ಹಾಗಿಲ್ಲ. ಹಿತ್ತಲ ದಾಲ್ಚಿನ್ನಿ ಮರದ ಒಣ ತೊಗಟೆ ಡಬ್ಬದಲ್ಲಿತ್ತು. ಬೆರಳುದ್ದದ ಮೂರು ಸೀಳು ಮಾಡಿ, ಅರ್ಧ ಭಾಗ ಮೈಯೊಳಗೆ, ಅರ್ಧ ಹೊರಗೆ ಚಾಚುವಂತೆ ಚಾಕಲೇಟಿನಲ್ಲಿ ಕೂರಿಸಿದೆ. ಅವು ಹಿಡಿದ ಮೇಲೆ ಬಿಸಿನೀರಿನ ಮೇಲಿಟ್ಟ ತಟ್ಟೆಯನ್ನು ಒರೆಸಿ ಒಣಗಿಸಿ, ಎರಡೂ ಅಂಚುಗಳನ್ನು ಅದಕ್ಕೆ ಕ್ಷಣಮಾತ್ರ ತಾಗಿಸಿ, ತಲೆಯೊಳಗೂ ಒಂದಿಷ್ಟು ಚಾಕಲೇಟು ಬಳಿದು, ಕೂಡಿಸಿ ಒತ್ತಿ ಹಿಡಿದೆ. ಈ ಘಳಿಗೆಯಲ್ಲಿ ಉಸಿರು ಬಿಡಲೂ ಭಯ. ಹೊರಗೆ ಹೂಕುಟುಕ ಹಕ್ಕಿಯೋ ಏನೋ ಒಂದೇ ಸಮನೆ ಕೂಗುತ್ತಿತ್ತು. ಕೈ ಸೋತ ಮೇಲೆ ಅಗಲ ಪಾತ್ರೆಯಲ್ಲಿ ಅಕ್ಕಿ ಸುರಿದು, ಬಟ್ಟೆ ಹಾಸಿ, ಅದರ ಮೇಲೆ ದನವನ್ನು ಮಲಗಿಸಿದೆ. ಅಕ್ಕಿ ಯಾವ ಆಕಾರಕ್ಕೂ ತಗ್ಗಿಕೊಡುತ್ತದೆ, ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ.

ಉಳಿದ ಚಾಕಲೇಟಿಗೆ ಜೇನು ಬೆರೆಸಿದೆ. ಮೂರು ಪಾಲಿಗೆ ಸುಮಾರು ಒಂದು ಪಾಲು. ಜೇನಿನಲ್ಲಿರುವ ಸ್ವಲ್ಪ ನೀರು ಚಾಕಲೇಟನ್ನು ಮುದ್ದೆಗಟ್ಟಿಸುತ್ತದೆ. ಅಂಟಿಗೆ ಬಾರದ ಈ ಮುದ್ದೆಯೇ ಬಳ್ಳಿಗೆ ಬೇಕಾದದ್ದು. ಮುಚ್ಚಿಟ್ಟು ಒಂದು ರಾತ್ರಿ ಬಿಟ್ಟರೆ ಚಪಾತಿ ಹಿಟ್ಟಿನಂತೆ ನಾದಬಹುದಾದ ಕಣಕವಾಗುತ್ತದೆ.

ಮರುದಿನ ನಸುಕಿನಲ್ಲಿ ನಾನು ಅದನ್ನು ನಾದಿ ಎಳೆ ಮಾಡಲು ಕೂತೆ. ನನ್ನ ಅಂಗೈ ಯಾವಾಗಲೂ ಬಿಸಿ. ಈ ಕೆಲಸಕ್ಕೆ ಅದು ಒಳ್ಳೆಯದಲ್ಲ. ಎರಡು ಸಲ ಉರುಳಿಸುವಷ್ಟರಲ್ಲಿ ಎಳೆ ಮಣೆಗೆ ಅಂಟಿ ಕಿತ್ತುಬರುತ್ತಿತ್ತು. ಅಜ್ಜಿ ಕಾಫಿ ಮುಗಿಸಿ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತಳು.

"ಹೊಸೆಯುವುದಾ? ಒಂದೆಳೆಯ ಬಳ್ಳಿ ಯಾರಾದರೂ ಕಟ್ಟುತ್ತಾರಾ? ಎರಡೆಳೆ ಮಾಡು."

ಅವಳ ಕೈಗೆ ಕೊಟ್ಟೆ. ಎಂಬತ್ತು ದಾಟಿದ ಮೇಲೆ ಅವಳ ಬೆರಳುಗಳು ಬೇಸಗೆಯಲ್ಲೂ ತಣ್ಣಗಿರುತ್ತವೆ, ಜನವರಿಯಲ್ಲಂತೂ ಬಾವಿಯ ಕಲ್ಲಿನ ಹಾಗೆ. ಚಾಕಲೇಟು ಆ ಬೆರಳುಗಳಿಗೆ ಅಂಟಲೇ ಇಲ್ಲ. ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆಯುತ್ತಿದ್ದವಳು ಈಗ ಮಣೆಯ ಮೇಲೆ ಎರಡು ಎಳೆಗಳನ್ನು ಒಂದೇ ದಪ್ಪಕ್ಕೆ ಉರುಳಿಸಿದಳು, ತುದಿಗಳನ್ನು ಸೇರಿಸಿ ಚಿವುಟಿದಳು, ಒಂದು ಕೈ ಮುಂದಕ್ಕೆ, ಒಂದು ಕೈ ಹಿಂದಕ್ಕೆ. ಹುರಿ ಬಿದ್ದಿತು. ಮಧ್ಯೆ ಒಂದು ಕಡೆ ಎಳೆ ತೆಳುವಾಗಿದ್ದದ್ದು ನನಗೆ ಕಂಡಿರಲಿಲ್ಲ. ಅವಳು ಅಲ್ಲಿಗೆ ನಿಂತು ಚೂರು ಕಣಕ ಕೇಳಿ ಸೇರಿಸಿಕೊಂಡಳು. ಹೊಸೆಯುತ್ತ ಮಾತಾಡಿದ್ದು ಬೇರೆ ಯಾವುದನ್ನೋ: ತೋಟದ ಕೆರೆಗೆ ಬಿದ್ದ ಕರು, ಬಕೆಟ್ ಹೊತ್ತು ಹೋದ ದಿನ ಖರೀದಿಯವರು ಇರದೆ ಹಿಂದೆ ಹೊತ್ತು ತಂದದ್ದು, ಕೊಕ್ಕೋದ ದುಡ್ಡಿನಲ್ಲಿ ಮಾಡಿಸಿದ ಒಂದು ಜೊತೆ ಕಿವಿಯೋಲೆ. ಅದು ಈಗ ನನ್ನ ಅತ್ತೆಯ ಮಗಳ ಕಿವಿಯಲ್ಲಿದೆ.

ಸೀಳಿನ ಗೆರೆಯ ಮೇಲೆ ಬಳ್ಳಿ ಸುತ್ತಿ, ಅಲ್ಲಲ್ಲಿ ಹದದ ಚಾಕಲೇಟಿನ ಹನಿ ಇಟ್ಟು ಕೂರಿಸಿದೆ. ಗಂಟೆ ಬೇಡವೇ ಎಂದು ಅವಳು ಕೇಳಿದಳು. ನಮ್ಮದೇ ತೋಟದ ಬೀಜವನ್ನು ಹುಳಿಸಿ ಒಣಗಿಸಿ ಬೆಂಗಳೂರಿಗೆ ಒಯ್ದು ಹುರಿದಿಟ್ಟದ್ದು ನನ್ನ ಚೀಲದಲ್ಲಿ ಒಂದು ಹಿಡಿ ಇತ್ತು. ಒಂದು ಬೀಜವನ್ನು ಗಂಟೆಯಾಗಿ ಬಳ್ಳಿಯ ಕೆಳಗೆ ಅಂಟಿಸಿದೆ.

ಆಮೇಲೆ ದನವನ್ನು ಅವಳ ಮುಂದಿಟ್ಟೆ. ಅವಳು ಬೆನ್ನಿನಿಂದ ಶುರು ಮಾಡಿದಳು, ಹಟ್ಟಿಯಲ್ಲಿ ಮಾಡುತ್ತಿದ್ದ ಹಾಗೇ. ಮುಖದಿಂದ ಶುರು ಮಾಡಿದರೆ ದನ ಬೆದರುತ್ತದೆ. ಬೆನ್ನು, ಹೊಟ್ಟೆ, ಕೆಚ್ಚಲು. ನಿಧಾನಕ್ಕೆ ಕುತ್ತಿಗೆಗೆ ಬಂದು ಬಳ್ಳಿಯ ಹುರಿಯನ್ನು ಸುತ್ತ ಎಣಿಸಿದಳು. ಬೀಜವನ್ನು ಎರಡು ಬೆರಳಲ್ಲಿ ಹಿಡಿದು, ಏನೆಂದು ಕೇಳದೆಯೇ, "ಕೊಕ್ಕೋ," ಎಂದಳು. ಆಮೇಲೆ ಕಿವಿ, ಕೊಂಬು. ಎಡಗೊಂಬಿನ ಹತ್ತಿರ ಬೆರಳು ನಿಂತಿತು.

"ಅದನ್ನು ಈಗ ಮಾಡುತ್ತೇನೆ ಅಜ್ಜಿ, ಚಾಕಲೇಟು ಉಂಟು."

"ಬೇಡ, ಬೇಡ. ಇದು ನಮ್ಮ ಕಪಿಲೆ."

ಕಪಿಲೆ ನಾನು ಹುಟ್ಟುವ ಮೊದಲಿನ ದನ. ಎಡಗೊಂಬು ಬೇಲಿಗೆ ಸಿಕ್ಕಿ ಮುರಿದಿತ್ತಂತೆ, ಹದಿಮೂರು ಕರು ಹಾಕಿತ್ತಂತೆ. ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ನನ್ನ ಚಾಕಲೇಟಿನ ಬಣ್ಣವೂ ಕಪಿಲೆಯೇ ಎಂಬುದು ಅವಳಿಗೆ ಗೊತ್ತಾಗುವಂತಿರಲಿಲ್ಲ. ನಾನು ಹೇಳಲೂ ಇಲ್ಲ. ಮುರಿದ ಕೊಂಬು ಹಾಗೇ ಉಳಿಯಿತು. ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನನಗೆ ಕಲಿಸಿದವರು ಹೇಳಿರಲಿಲ್ಲ.

ಅಮೆರಿಕದ ಕಲಾವಿದೆ ಜನೀನ್ ಆಂಟನಿ 1993ರಲ್ಲಿ ತನ್ನದೇ ತಲೆಯ ಅಚ್ಚು ತೆಗೆದು ಏಳು ಚಾಕಲೇಟಿನಲ್ಲಿ, ಏಳು ಸೋಪಿನಲ್ಲಿ ಎರೆದಳು. ಚಾಕಲೇಟಿನವನ್ನು ನೆಕ್ಕಿ, ಸೋಪಿನವನ್ನು ಮೈಗೆ ಉಜ್ಜಿ ಸ್ನಾನ ಮಾಡಿ ಮುಖಗಳನ್ನು ಸವೆಸಿದಳು. ಅದಕ್ಕೂ ಮುಂಚೆ, 1968ರಲ್ಲಿ, ಡೀಟರ್ ರೋತ್ ಚಾಕಲೇಟಿಗೆ ಹಕ್ಕಿಯ ಕಾಳು ಬೆರೆಸಿ ತನ್ನ ತಲೆಯನ್ನು ತಾನೇ ಮಾಡಿಕೊಂಡಿದ್ದ, ಹಕ್ಕಿಗಳು ಕುಕ್ಕಿ ತಿನ್ನಲೆಂದು. ಇಂಥವನ್ನು ಮೊದಲು ಓದಿದಾಗ ಇದೆಲ್ಲ ಹೊಟ್ಟೆ ತುಂಬಿದವರ ಆಟ ಎನಿಸಿತ್ತು. ದಿನವೂ ಬೆಳಿಗ್ಗೆ ಅಜ್ಜಿಯ ಬೆರಳು ಹರಿದಾಡಿ ಕಪಿಲೆಯ ಮೂಗು ನುಣ್ಣಗಾಗುತ್ತ ಬಂದಿತೆಂದು ಅಮ್ಮ ಫೋನಿನಲ್ಲಿ ವರದಿ ಮಾಡತೊಡಗಿದ ಮೇಲೆ ಆ ಕಲಾವಿದರ ಮೇಲಿನ ಸಿಟ್ಟು ನನಗೆ ಕಡಿಮೆಯಾಗಿದೆ.

ಫೆಬ್ರವರಿಯಲ್ಲಿ ಸೆಕೆ ಶುರುವಾಯಿತು. ಕಪಿಲೆಯನ್ನು ಅಕ್ಕಿಯ ದೊಡ್ಡ ಡಬ್ಬದೊಳಗೆ, ಬಟ್ಟೆ ಸುತ್ತಿ, ಮನೆಯ ನಡುಕೋಣೆಯಲ್ಲಿ ಇಟ್ಟಿದ್ದರು. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಬೆವರುತ್ತದೆ, ಬೆವರು ಸಕ್ಕರೆಯನ್ನು ಕರಗಿಸಿ ಮೈ ಒರಟಾಗಿಸುತ್ತದೆ ಎಂದು ನಾನೇ ಬೇಡ ಎಂದಿದ್ದೆ. ಶಿವರಾತ್ರಿಗೆ ಊರಿಗೆ ಹೋದಾಗ ಬೆನ್ನ ಮೇಲೆ ಬಿಳಿ ಮಂಜು ಹಬ್ಬಿತ್ತು, ಒಂದು ಕಾಲು ಸ್ವಲ್ಪ ವಾಲಿತ್ತು. ಕೋಕೋ ಬೆಣ್ಣೆ ಮೆತ್ತಗಾಗಿ ಮೇಲಕ್ಕೆ ಬಂದಿದೆ, ಇನ್ನು ಹೆಚ್ಚು ದಿನವಿಲ್ಲ, ತಿನ್ನುವುದೇ ಸರಿ ಎಂದೆ.

ಅಮ್ಮ ಅಡ್ಡ ನಿಂತಳು. "ದನವನ್ನು ತಿನ್ನುವುದಾ?"

ಸಂಕ್ರಾಂತಿಗೆ ಬೆಂಗಳೂರಿನ ಮನೆಮನೆಗಳಲ್ಲಿ ಸಕ್ಕರೆಯ ಬಸವನನ್ನು ಕಟಕಟ ಅಗಿಯುತ್ತಾರೆ, ಯಾರಿಗೂ ಪಾಪ ಸುತ್ತಿಕೊಂಡಿಲ್ಲ ಎಂದು ವಾದಿಸಿದೆ. ಅಮ್ಮ ಒಪ್ಪಲಿಲ್ಲ. ಅದು ಘಟ್ಟದ ಮೇಲಿನವರ ಕ್ರಮ, ನಮ್ಮದಲ್ಲ. ಅಲ್ಲದೆ ಆ ಬಸವನಿಗೆ ಹೆಸರಿಲ್ಲ, ಇದಕ್ಕೆ ಇದೆ ಎಂದಳು. ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, ತೋಟಕ್ಕೆ ಹಾಕಿದರೆ ಇರುವೆ ತಿನ್ನುತ್ತದೆ ಎಂದ. ಅಷ್ಟು ಒಳ್ಳೆಯ ಚಾಕಲೇಟು ಇರುವೆಗೆ ಕೊಡಲು ನಾನು ತಯಾರಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಅಜ್ಜಿ ಹೇಳಿದಳು: "ಹಾಲು ಬಿಸಿ ಮಾಡಿ ಅದಕ್ಕೆ ಬಿಡಿ. ಎಲ್ಲರೂ ಒಂದೊಂದು ಲೋಟ ಕುಡಿಯುವ. ದನದಿಂದ ಹಾಲಲ್ಲವಾ ನಮಗೆ ಬೇಕಾದ್ದು?"

ಅಮ್ಮನಿಗೆ ಅದು ಸರಿಯೆನಿಸಿತು. ಎರಡು ಲೀಟರ್ ಹಾಲು ತರಿಸಿದೆವು, ಪ್ಯಾಕೆಟ್ಟಿನದು. ಹಾಲು ಕಾದು ಉಕ್ಕಿಗೆ ಬರುವಾಗ ನಾನು ಕಪಿಲೆಯನ್ನು ಎತ್ತಿಕೊಂಡೆ.

"ನಿಲ್ಲು," ಎಂದಳು ಅಜ್ಜಿ. "ಬಳ್ಳಿ ಬಿಚ್ಚು."

ಬಿಸಿ ಮಾಡಿದ ಚಾಕುವಿನ ತುದಿಯಿಂದ ಅಂಟಿನ ಹನಿಗಳನ್ನು ಒಂದೊಂದಾಗಿ ಬಿಡಿಸಿದೆ. ಜೇನು ಹಾಕಿದ್ದರ ಬಳ್ಳಿ ಒಣಗಿದರೂ ಮುರಿಯದೆ ಬಂದಿತು. ಅದರ ಕೆಳಗೆ ಜನವರಿಯ ಸೀಳು ತೆಳ್ಳಗೆ ಕಾಣುತ್ತಿತ್ತು. ಅಲುಗಾಡಿಸಿ ನೋಡಿದೆ, ಗಟ್ಟಿಯಾಗಿಯೇ ಇತ್ತು. ಅಜ್ಜಿ ಬಳ್ಳಿಯನ್ನು ಇಸಿದುಕೊಂಡು ಎಲೆ ಅಡಿಕೆಯ ಪೆಟ್ಟಿಗೆಯೊಳಗಿಟ್ಟಳು. ಕಪಿಲೆ ಹಾಲಿಗಿಳಿಯಿತು. ಮೊದಲು ಕಾಲುಗಳು, ಆಮೇಲೆ ಹೊಟ್ಟೆ, ಕೊನೆಗೆ ದಾಲ್ಚಿನ್ನಿಯ ಮೂರು ಸೀಳುಗಳು ಮಾತ್ರ ಮೇಲೆ ತೇಲಿದವು. ಅಮ್ಮ ಅವನ್ನು ಸೋಸಿ ತೆಗೆದಳು, ಬೆಲ್ಲ ಬೇಕಾ ಎಂದು ಕೇಳಿದಳು. ಅಪ್ಪ ಎರಡು ಲೋಟ ಕುಡಿದ.

ಅಜ್ಜಿಯ ಕೈಯಲ್ಲಿ ಬೀಜ ಉಳಿದಿತ್ತು. ಉಗುರಿನಿಂದ ಸಿಪ್ಪೆ ಬಿಡಿಸಿ, ಮೂಸಿ, ಬಾಯಿಗೆ ಹಾಕಿಕೊಂಡಳು. ಎಷ್ಟೋ ವರ್ಷ ಬಕೆಟ್ಟುಗಟ್ಟಲೆ ಹಸಿ ಬೀಜ ಹೊತ್ತವಳು ಹುರಿದದ್ದನ್ನು ತಿಂದಿರಲಿಲ್ಲ. ಹಲ್ಲಿದ್ದ ಕಡೆಗೆ ತಳ್ಳಿ ನಿಧಾನಕ್ಕೆ ಅಗಿದಳು. ಮುಖ ಕಿವುಚಿಕೊಂಡಿತು.

"ಕಹಿ," ಎಂದಳು.

ಸ್ವಲ್ಪ ಹೊತ್ತು ಬಿಟ್ಟು ಕೈ ಚಾಚಿದಳು. "ಇನ್ನೊಂದು ಉಂಟಾ?"